ಕೃಷಿ ಮೇಳದ ಬಸ್ಸುಗಳು: ಸಂಜೆಯ ಲೆಕ್ಕಾಚಾರ

ಬೆಂಗಳೂರಿನ ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ಆವರಣದಲ್ಲಿ ಪ್ರತಿವರ್ಷ ನಡೆಯುವ ಕೃಷಿ ಮೇಳಕ್ಕೆ ಹಲವು ಜಿಲ್ಲೆಗಳ ರೈತರು ಬರುತ್ತಾರೆ. ಬರುವಾಗ ಜನ ಬೆಳಗಿನಿಂದ ಮಧ್ಯಾಹ್ನದವರೆಗೆ ಸ್ವಲ್ಪಸ್ವಲ್ಪವಾಗಿ ಬರುತ್ತಾರೆ. ಸಂಜೆ ಮಾತ್ರ ಬಹುಮಂದಿ ಒಮ್ಮೆಲೇ ಹೊರಡುತ್ತಾರೆ. ಆದುದರಿಂದ ಬಸ್ಸುಗಳ ಸಂಖ್ಯೆಯನ್ನು ಸಂಜೆಯ ಜನಸಂದಣಿಗೆ ತಕ್ಕಂತೆ ಗೊತ್ತುಪಡಿಸಬೇಕಾಗುತ್ತದೆ.

ಉದಾಹರಣೆಗೆ, ಮೇಳದಿಂದ ಹೆಬ್ಬಾಳಕ್ಕೆ ಗಂಟೆಗೆ 1,500 ಜನರನ್ನು ಸಾಗಿಸಬೇಕೆಂದು ಇಟ್ಟುಕೊಳ್ಳೋಣ. ಬಸ್ಸೊಂದಕ್ಕೆ 50 ಜನರಂತೆ ಗಂಟೆಗೆ 30 ಟ್ರಿಪ್ ಬೇಕು. ಬಸ್ಸು ಹೋಗಿ, ಜನರನ್ನು ಇಳಿಸಿ, ಮರಳಿ ಬರಲು 40 ನಿಮಿಷ ಹಿಡಿದರೆ 20 ಬಸ್ಸುಗಳು ಸಾಕು. ದ್ವಾರದ ಬಳಿ ವಾಹನಗಳು ಅಡ್ಡ ನಿಂತು ಇದೇ ಸುತ್ತಿಗೆ 60 ನಿಮಿಷ ಹಿಡಿದರೆ 30 ಬಸ್ಸುಗಳು ಬೇಕು. ಇರುವುದು 20 ಮಾತ್ರವಾದರೆ ಪ್ರತಿ ಗಂಟೆಗೆ 500 ಜನ ಹಿಂದೆ ಉಳಿಯುತ್ತಾರೆ. ಬೀಜದ ಚೀಲ, ಸಸಿಗಳನ್ನು ಹೊತ್ತು ದೂರದ ಹಳ್ಳಿಗೆ ಹೋಗಬೇಕಾದವರಿಗೆ ಊರಿನ ಕಡೆಯ ಬಸ್ಸು ತಪ್ಪುವುದು ಇಂತಹ ವೇಳೆಯಲ್ಲೇ.

ದ್ವಾರದ ಮುಂದಿನ ದಾರಿಯನ್ನು ತೆರವಾಗಿಟ್ಟರೆ 10 ಬಸ್ಸುಗಳನ್ನು ಹೆಚ್ಚಿಸಿದಂತಾಯಿತು. ಸ್ವಂತ ವಾಹನದಲ್ಲಿ ಬರುವ ರೈತ ಬಾಂಧವರು ಅದನ್ನು ಗೊತ್ತುಪಡಿಸಿದ ಜಾಗದಲ್ಲಿಯೇ ನಿಲ್ಲಿಸಬೇಕು. ಬಸ್ಸಿನಲ್ಲಿ ಬರುವವರು ಊರಿನ ಕಡೆಯ ಬಸ್ಸಿನ ವೇಳೆಯನ್ನು ಮೊದಲೇ ತಿಳಿದುಕೊಂಡು, ಜನಸಂದಣಿ ಕೂಡುವ ಮುನ್ನವೇ ಮೇಳದಿಂದ ಹೊರಡುವುದು ಸೂಕ್ತ.