ತೂಕ ಇಳಿಕೆಯ ಆ್ಯಪ್‌ಗಳ ಮುನ್ಸೂಚನೆ: ನಂಬುವುದೆಷ್ಟು?

ದಿನವಿಡೀ ಸೇವಿಸಿದ ಆಹಾರವನ್ನು ಮೊಬೈಲಿನಲ್ಲಿ ದಾಖಲಿಸಿಕೊಂಡು ತೂಕ ಇಳಿಸಲು ಯತ್ನಿಸುವವರು ಇಂದು ನಗರಗಳಿಗಷ್ಟೇ ಸೀಮಿತವಾಗಿಲ್ಲ. ಎರಡು ರೊಟ್ಟಿ, ಒಂದು ಬಟ್ಟಲು ಬೇಳೆ, ಅರ್ಧ ಗಂಟೆಯ ನಡಿಗೆ ಎಂದು ನಮೂದಿಸಿದೊಡನೆ ಕ್ಯಾಲೊರಿಗಳ ಲೆಕ್ಕ ತೆರೆಯ ಮೇಲೆ ಮೂಡುತ್ತದೆ. ಮೈಫಿಟ್ನೆಸ್‌ಪಾಲ್‌ನಂತಹ ಆ್ಯಪ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಪ್ರತಿದಿನವೂ ಇಂದಿನಂತೆಯೇ ನಡೆದರೆ ಐದು ವಾರಗಳ ನಂತರ ತಮ್ಮ ತೂಕ ಎಷ್ಟಾಗುವುದೆಂಬುದನ್ನೂ ತಿಳಿಸುತ್ತದೆ. ಐದು ವಾರ ಕಳೆದು ತೂಕದ ಯಂತ್ರದ ಮೇಲೆ ನಿಂತಾಗ ಬಹಳಷ್ಟು ಜನರಿಗೆ ಆ ಅಂಕಿ ಕಾಣುವುದಿಲ್ಲ. ಆಗ ಕೆಲವರು ತಪ್ಪು ತಮ್ಮದೇ ಎಂದು ಭಾವಿಸಿ ಊಟವನ್ನು ಇನ್ನಷ್ಟು ಕಡಿತಗೊಳಿಸುತ್ತಾರೆ. ಕೆಲವರು ಪ್ರಯತ್ನವನ್ನೇ ಕೈಬಿಡುತ್ತಾರೆ. ಎರಡೂ ಹಿತಕರವಲ್ಲ. ಆ ಅಂಕಿ ಹೇಗೆ ಹುಟ್ಟುತ್ತದೆ ಎಂಬುದನ್ನು ಅರಿತರೆ ಅದಕ್ಕೆ ಎಷ್ಟು ಬೆಲೆ ಕೊಡಬೇಕೆಂಬುದು ತಾನೇ ತಿಳಿಯುತ್ತದೆ.

45 ವರ್ಷ ವಯಸ್ಸಿನ, 155 ಸೆಂ.ಮೀ. ಎತ್ತರದ, 68 ಕೆ.ಜಿ. ತೂಕದ ಗೃಹಿಣಿಯೊಬ್ಬರನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಅನೇಕ ಆ್ಯಪ್‌ಗಳು ಬಳಸುವುದು 1990ರಲ್ಲಿ ಪ್ರಕಟವಾದ ಮಿಫ್ಲಿನ್–ಸೇಂಟ್ ಜಿಯೋರ್ ಸೂತ್ರವನ್ನು. ಅದರಂತೆ ಈ ತಾಯಿಯ ದೇಹ ಏನೂ ಮಾಡದೆ ಮಲಗಿದ್ದರೂ ದಿನಕ್ಕೆ ಸುಮಾರು 1,263 ಕ್ಯಾಲೊರಿ ವ್ಯಯಿಸುತ್ತದೆ. ಚಟುವಟಿಕೆ 'ಲಘು'ವೆಂದು ಆಯ್ದುಕೊಂಡರೆ ಅದನ್ನು 1.375ರಿಂದ ಗುಣಿಸಿ 1,736 ಎಂದು ಆ್ಯಪ್ ನಿರ್ಧರಿಸುತ್ತದೆ. ಅವರು 1,236 ಕ್ಯಾಲೊರಿಯಷ್ಟು ಆಹಾರ ಸೇವಿಸಿದರೆ ದಿನಕ್ಕೆ 500 ಕೊರತೆ. ಒಂದು ಕೆ.ಜಿ. ತೂಕಕ್ಕೆ 7,700 ಕ್ಯಾಲೊರಿ ಎಂಬ ಲೆಕ್ಕದಲ್ಲಿ ಐದು ವಾರಕ್ಕೆ 2.3 ಕೆ.ಜಿ. ಇಳಿಯಬೇಕು.

ಗಣಿತ ತಪ್ಪಿಲ್ಲ. ಆದರೆ ಅದರೊಳಗೆ ಹೋದ ಪ್ರತಿಯೊಂದು ಅಂಕಿಯೂ ಅಂದಾಜೇ ಆಗಿದೆ. ಮಿಫ್ಲಿನ್ ಸೂತ್ರ ರೂಪುಗೊಂಡದ್ದು ಅಮೆರಿಕದ 498 ಜನರ ಅಳತೆಗಳಿಂದ. ಅಷ್ಟೇ ಎತ್ತರ, ತೂಕದ ಪಾಶ್ಚಾತ್ಯರಿಗೆ ಹೋಲಿಸಿದರೆ ಭಾರತೀಯರಲ್ಲಿ ಸಾಮಾನ್ಯವಾಗಿ ಸ್ನಾಯು ಕಡಿಮೆ, ಕೊಬ್ಬು ಹೆಚ್ಚು. ಶಕ್ತಿಯನ್ನು ಹೆಚ್ಚು ವ್ಯಯಿಸುವುದು ಸ್ನಾಯುವೇ ಹೊರತು ಕೊಬ್ಬಲ್ಲ. ಹೀಗಾಗಿ ನಮ್ಮವರ ವ್ಯಯವನ್ನು ಇಂತಹ ಸೂತ್ರ ಹೆಚ್ಚಾಗಿ ತೋರಿಸುವ ಸಂಭವವಿದೆ. ಚಟುವಟಿಕೆಯ ಆಯ್ಕೆಯಂತೂ ಬಳಕೆದಾರರ ಭಾವನೆಗೆ ಬಿಟ್ಟದ್ದು. ಮೇಲಿನ ಗೃಹಿಣಿಯ ದಿನಚರಿ ವಾಸ್ತವವಾಗಿ ಕುಳಿತೇ ಮಾಡುವ ಕೆಲಸದ್ದಾಗಿದ್ದರೆ ಗುಣಕ 1.2 ಆಗಬೇಕಿತ್ತು. ಆಗ ಕೊರತೆ 500 ಅಲ್ಲ, ಸುಮಾರು 280. ಐದು ವಾರಕ್ಕೆ ಇಳಿಯುವುದು 1.3 ಕೆ.ಜಿ. ಮಾತ್ರ. ಒಂದೇ ಒಂದು ಗುಂಡಿ ಒತ್ತುವುದರಲ್ಲಿ ಆದ ವ್ಯತ್ಯಾಸವಿದು! ಕೈಗಡಿಯಾರದಂತಹ ಯಂತ್ರ ಧರಿಸಿದರೂ ಸಮಸ್ಯೆ ಬಗೆಹರಿಯದು. ಅಂತಹ ಏಳು ಯಂತ್ರಗಳನ್ನು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ಪರೀಕ್ಷಿಸಿದಾಗ, ಹೃದಯ ಬಡಿತವನ್ನು ಬಹುತೇಕ ಸರಿಯಾಗಿ ಎಣಿಸಿದ ಯಂತ್ರಗಳೇ ಕ್ಯಾಲೊರಿ ವ್ಯಯದಲ್ಲಿ ಎಡವಿದವು. ಅವುಗಳಲ್ಲಿ ಅತ್ಯುತ್ತಮವಾದದ್ದು ಕೂಡ ಸರಾಸರಿ ಶೇ. 27ರಷ್ಟು ತಪ್ಪಿತ್ತು.

ಇನ್ನು ಊಟದ ಲೆಕ್ಕ. ಆ್ಯಪಿನಲ್ಲಿ 'ಒಂದು ರೊಟ್ಟಿ' ಎಂದಿರುತ್ತದೆ. ನಮ್ಮ ಮನೆಗಳಲ್ಲಿ ತೆಳುವಾದ ಕಟಕ ರೊಟ್ಟಿಯೂ ರೊಟ್ಟಿಯೇ, ಅಂಗೈ ತುಂಬುವ ದಪ್ಪ ಬಿಸಿ ರೊಟ್ಟಿಯೂ ರೊಟ್ಟಿಯೇ. ಹಿಟ್ಟಿನ ಪ್ರಮಾಣ ಒಂದರಿಂದ ಇನ್ನೊಂದಕ್ಕೆ ದುಪ್ಪಟ್ಟಾಗಬಹುದು. ಎಣ್ಣೆಗಾಯಿಗೆ ಸುರಿದ ಎಣ್ಣೆ, ರೊಟ್ಟಿಯ ಜೊತೆ ಬಡಿಸಿಕೊಂಡ ಶೇಂಗಾ ಚಟ್ನಿ ಲೆಕ್ಕಕ್ಕೆ ಬರುವುದೇ ವಿರಳ. ಒಂದು ಚಹಾ ಚಮಚ ಎಣ್ಣೆಯೆಂದರೆ ಸುಮಾರು 40 ಕ್ಯಾಲೊರಿ. ಜಾತ್ರೆಯ ದಾಸೋಹದಲ್ಲಿ ಮಾದಲಿಯನ್ನೋ ಗೋಧಿ ಹುಗ್ಗಿಯನ್ನೋ ಸ್ವೀಕರಿಸಿದವರು ಏನೆಂದು ನಮೂದಿಸಬೇಕು? ಸಾಲಿನಲ್ಲಿ ಕುಳಿತು ಮೊಬೈಲ್ ತೆಗೆಯುವುದು ಶೋಭೆಯೂ ಅಲ್ಲ. ತಿಂದುದನ್ನು ಕಡಿಮೆ ಹೇಳುವುದು ಕೇವಲ ನಮ್ಮ ಸ್ವಭಾವವೆಂದು ತಿಳಿಯಬೇಕಿಲ್ಲ. ಎಷ್ಟು ಪಥ್ಯ ಮಾಡಿದರೂ ತೂಕ ಇಳಿಯದು ಎನ್ನುತ್ತಿದ್ದ ಕೆಲವರನ್ನು ಅಮೆರಿಕದಲ್ಲಿ ಸೂಕ್ಷ್ಮವಾಗಿ ಪರೀಕ್ಷಿಸಿದ 1992ರ ಅಧ್ಯಯನವೊಂದರಲ್ಲಿ, ಅವರು ತಮ್ಮ ಆಹಾರವನ್ನು ಸರಾಸರಿ ಶೇ. 47ರಷ್ಟು ಕಡಿಮೆ ವರದಿ ಮಾಡಿದ್ದುದೂ, ವ್ಯಾಯಾಮವನ್ನು ಶೇ. 51ರಷ್ಟು ಹೆಚ್ಚು ಹೇಳಿದ್ದುದೂ ಕಂಡುಬಂದಿತು.

ಇವೆಲ್ಲ ಸರಿಯಾಗಿದ್ದರೂ ದೊಡ್ಡ ದೋಷವೊಂದು ಉಳಿಯುತ್ತದೆ. ಕೆ.ಜಿ.ಗೆ 7,700 ಎಂಬ ಲೆಕ್ಕದ ಮೂಲ, 1958ರಲ್ಲಿ ಮ್ಯಾಕ್ಸ್ ವಿಶ್ನೋಫ್ಸ್ಕಿ ಎಂಬ ವೈದ್ಯರು ಮಾಡಿದ ಗಣನೆ. ದೇಹದ ವ್ಯಯ ಎಂದೆಂದಿಗೂ ಒಂದೇ ಸಮನಿರುತ್ತದೆ ಎಂದು ಭಾವಿಸಿ ಅದನ್ನು ಮುಂದಕ್ಕೆ ಎಳೆದಾಗ ತಪ್ಪು ಹುಟ್ಟುತ್ತದೆ. ನಮ್ಮ ಗೃಹಿಣಿಗೆ ಇದನ್ನೇ ಒಂದು ವರ್ಷಕ್ಕೆ ಅನ್ವಯಿಸಿದರೆ ಸುಮಾರು 24 ಕೆ.ಜಿ. ಇಳಿದು ಅವರ ತೂಕ 44 ಆಗಬೇಕು! ದೇಹ ಹಾಗೆ ನಡೆದುಕೊಳ್ಳುವುದಿಲ್ಲ. ತೂಕ ತಗ್ಗಿದಂತೆ ದೇಹದ ಖರ್ಚೂ ತಗ್ಗುತ್ತದೆ. ಅದರ ಮೇಲೆ ಕ್ಷಾಮ ಬಂದಿತೆಂಬಂತೆ ದೇಹ ಇನ್ನಷ್ಟು ಮಿತವ್ಯಯಿಯಾಗುತ್ತದೆ. 1944–45ರಲ್ಲಿ ಮಿನ್ನೆಸೋಟದಲ್ಲಿ ಆನ್ಸೆಲ್ ಕೀಸ್ ಅವರು 36 ಜನ ಸ್ವಯಂಸೇವಕರ ಆಹಾರವನ್ನು 24 ವಾರಗಳ ಕಾಲ ಸುಮಾರು ಅರ್ಧಕ್ಕೆ ಇಳಿಸಿದಾಗ, ಅವರ ವಿಶ್ರಾಂತಿಯ ವ್ಯಯ ಶೇ. 40ರಷ್ಟು ಕುಸಿದಿತ್ತು.

ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಕೆವಿನ್ ಹಾಲ್ ಮತ್ತು ಸಂಗಡಿಗರು 2011ರಲ್ಲಿ ಈ ಬದಲಾವಣೆಯನ್ನೂ ಒಳಗೊಂಡ ಗಣನೆಯನ್ನು ಮುಂದಿಟ್ಟರು. ಆಹಾರದಲ್ಲಿ ದಿನಕ್ಕೆ 24 ಕ್ಯಾಲೊರಿ ಶಾಶ್ವತವಾಗಿ ಕಡಿಮೆಯಾದರೆ ಅಂತಿಮವಾಗಿ ಒಂದು ಕೆ.ಜಿ. ಇಳಿಯುತ್ತದೆ, ಅದರ ಅರ್ಧ ಇಳಿಯಲು ಒಂದು ವರ್ಷ, ಬಹುಪಾಲು ಮುಗಿಯಲು ಮೂರು ವರ್ಷ ಬೇಕು. ಅದರಂತೆ ಆ ತಾಯಿ 500ರ ಕಡಿತವನ್ನು ತಪ್ಪದೆ ಪಾಲಿಸಿದರೂ ಮೊದಲ ವರ್ಷ ಸುಮಾರು 10 ಕೆ.ಜಿ. ಇಳಿಯಬಹುದು. ಹಳೆಯ ಲೆಕ್ಕದ ಅರ್ಧಕ್ಕಿಂತಲೂ ಇದು ಕಡಿಮೆ.

ಮೊದಲ ಒಂದೆರಡು ವಾರ ಮಾತ್ರ ಇದಕ್ಕೆ ವಿರುದ್ಧ. ಯಕೃತ್ತು, ಸ್ನಾಯುಗಳಲ್ಲಿ ಸಂಗ್ರಹವಾದ ಗ್ಲೈಕೋಜೆನ್‌ನ ಪ್ರತಿ ಗ್ರಾಮಿಗೆ ಸುಮಾರು 3 ಗ್ರಾಂ ನೀರು ಅಂಟಿಕೊಂಡಿರುತ್ತದೆ. ಊಟ ಕಡಿಮೆಯಾದಾಗ ಅದು ಕರಗಿ ನೀರೂ ಹೊರಹೋಗುವುದರಿಂದ ತೂಕ ಆ್ಯಪ್ ಹೇಳಿದ್ದಕ್ಕಿಂತ ವೇಗವಾಗಿ ಇಳಿಯಬಹುದು. ಅದು ಕೊಬ್ಬಲ್ಲ. ಆ ವೇಗವೇ ಮುಂದುವರಿಯುವುದೆಂದು ನಿರೀಕ್ಷಿಸಿದವರಿಗೆ ಮೂರನೆಯ ವಾರ ನಿರಾಶೆ ಕಾದಿರುತ್ತದೆ.

ಹಾಗೆಂದು ದಾಖಲಿಸುವುದು ವ್ಯರ್ಥವಲ್ಲ. ಸುಮಾರು 1,700 ಜನರನ್ನು ಒಳಗೊಂಡು 2008ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ, ಆಹಾರವನ್ನು ನಿತ್ಯವೂ ಬರೆದಿಟ್ಟವರ ತೂಕ ಬರೆಯದವರಿಗಿಂತ ಇಮ್ಮಡಿ ಇಳಿದಿತ್ತು. ಅವರು ಬಳಸಿದ್ದು ಕಾಗದದ ದಿನಚರಿ. ಅದರಲ್ಲಿ ಭವಿಷ್ಯ ನುಡಿಯುವ ಅಂಕಿಯೇ ಇರಲಿಲ್ಲ. ಆ್ಯಪ್ ಬಳಸುವ ಭಕ್ತರು ಅದರ ಮುನ್ಸೂಚನೆಯ ಬದಲು ತಮ್ಮದೇ ತೂಕವನ್ನು ಆಧಾರವಾಗಿಟ್ಟುಕೊಳ್ಳಲಿ. ಬೆಳಿಗ್ಗೆ ಮಲಮೂತ್ರ ವಿಸರ್ಜನೆಯ ನಂತರ, ಏನನ್ನೂ ಸೇವಿಸುವ ಮುನ್ನ, ಒಂದೇ ಯಂತ್ರದಲ್ಲಿ ತೂಕ ನೋಡಿ ವಾರದ ಸರಾಸರಿ ಬರೆದಿಡಬೇಕು. ನಾಲ್ಕು ವಾರದ ಸರಾಸರಿಗಳು ಕೆಳಮುಖವಾಗಿದ್ದರೆ, ಆ್ಯಪ್ ಹೇಳಿದ್ದಕ್ಕಿಂತ ನಿಧಾನವಾಗಿದ್ದರೂ ಚಿಂತಿಸಬೇಕಿಲ್ಲ. ಕದಲದೆ ನಿಂತಿದ್ದರೆ ಮೊದಲು ಎಣ್ಣೆ, ಶೇಂಗಾ, ಸಿಹಿ ಚಹಾಗಳ ಅಳತೆಯನ್ನು ಪರಿಶೀಲಿಸುವುದು ಲೇಸು, ಊಟ ಬಿಡುವುದಲ್ಲ.

ಮಧುಮೇಹಕ್ಕೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂತಹ ಮಾತ್ರೆ ತೆಗೆದುಕೊಳ್ಳುವವರು ಮಾತ್ರ ಆ್ಯಪ್ ಹೇಳಿತೆಂದು ಊಟ ಕಡಿತಗೊಳಿಸಲೇಬಾರದು. ಔಷಧಿಯ ಪ್ರಮಾಣ ಹಾಗೆಯೇ ಉಳಿದು ಆಹಾರ ತಗ್ಗಿದರೆ ರಕ್ತದ ಸಕ್ಕರೆ ಅಪಾಯಕಾರಿ ಮಟ್ಟಕ್ಕೆ ಕುಸಿಯಬಹುದು. ಬೆವರು, ನಡುಕ, ಮಂಕು ಕಂಡರೆ ಕೂಡಲೇ ಸಕ್ಕರೆ ಬೆರೆಸಿದ ನೀರು ಕುಡಿಯಬೇಕು, ನಂತರ ವೈದ್ಯರನ್ನು ಕಂಡು ಔಷಧಿಯ ಪ್ರಮಾಣ ಬದಲಿಸಿಕೊಳ್ಳಬೇಕು. ಗರ್ಭಿಣಿಯರು, ಹಾಲುಣಿಸುವ ತಾಯಂದಿರು, ಮೂತ್ರಪಿಂಡದ ತೊಂದರೆಯುಳ್ಳವರು ಸಹ ವೈದ್ಯರ ಸಲಹೆ ಪಡೆದ ಮೇಲೆಯೇ ಆಹಾರ ಬದಲಿಸತಕ್ಕದ್ದು.