ಹೊಟ್ಟೆಬಾಕತನವೆ, ಹಸಿವಿನ ಸೇಡೆ?

ಮದುವೆಯ ಪಂಕ್ತಿಯಲ್ಲಿ ನಾಲ್ಕು ಹೋಳಿಗೆ ಹೆಚ್ಚಾಗಿ ತಿಂದವನನ್ನು ಕಂಡು ನಾವು ನಗುತ್ತೇವೆ. ಹೊಟ್ಟೆಬಾಕ, ತಿಂಡಿಪೋತ, ಬಕಾಸುರ ಎಂದು ಹಂಗಿಸಲು ನಮ್ಮ ನುಡಿಯಲ್ಲಿ ಪದಗಳಿಗೆ ಬಡತನವಿಲ್ಲ. ಆದರೆ ನಾವಿಲ್ಲಿ ಹೇಳಹೊರಟಿರುವುದು ನಗೆಯ ಸಂಗತಿಯಲ್ಲ. ಮನೆಮಂದಿಯೆಲ್ಲ ಮಲಗಿದ ಮೇಲೆ ಒಬ್ಬರು ಮೆಲ್ಲನೆ ಅಡುಗೆಮನೆಗೆ ಹೋಗುತ್ತಾರೆ. ಹಸಿವಿಲ್ಲ, ರುಚಿಯ ಮೇಲೆ ಗಮನವೂ ಇಲ್ಲ. ಆದರೂ ಹೊಟ್ಟೆ ನೋಯುವವರೆಗೆ ಗಬಗಬನೆ ತಿನ್ನುತ್ತಾರೆ. ನಿಲ್ಲಿಸಬೇಕೆಂದು ಬಯಸಿದರೂ ಕೈ ನಿಲ್ಲದು. ಆಮೇಲೆ ಉಳಿಯುವುದು ತಮ್ಮ ಬಗೆಗೇ ಹೇಸಿಗೆ. ವಾರಕ್ಕೊಮ್ಮೆಯಾದರೂ ಹೀಗೆ ಮೂರು ತಿಂಗಳು ನಡೆದರೆ ವೈದ್ಯರು ಇದನ್ನು ರೋಗವೆಂದು ಗಣಿಸುತ್ತಾರೆ. ಅಮೆರಿಕದ ಮನೋವೈದ್ಯ ಆಲ್ಬರ್ಟ್ ಸ್ಟಂಕಾರ್ಡ್ ಇದನ್ನು 1959ರಲ್ಲಿಯೇ ವರ್ಣಿಸಿದ್ದರೂ, ಆ ದೇಶದ ಮನೋವೈದ್ಯ ಸಂಘದ ರೋಗಪಟ್ಟಿಯಲ್ಲಿ ಇದಕ್ಕೆ ಸ್ವತಂತ್ರ ಸ್ಥಾನ ದೊರೆತದ್ದು 2013ರಲ್ಲಿ.

ಇದು ಕೇವಲ ಮನೋಬಲದ ಕೊರತೆಯೆ? ಈ ಪ್ರಶ್ನೆಗೆ ಉತ್ತರ ಹುಡುಕುವವರು ಒಂದು ಹಳೆಯ ಪ್ರಯೋಗವನ್ನು ನೆನೆಯಲೇಬೇಕು. ಎರಡನೆಯ ಮಹಾಯುದ್ಧದ ಕೊನೆಯಲ್ಲಿ, ಯುದ್ಧದಿಂದ ಹಸಿದ ಜನರಿಗೆ ಮತ್ತೆ ಉಣಿಸುವ ಬಗೆ ಯಾವುದೆಂದು ತಿಳಿಯಲು, ಅಮೆರಿಕದ ಮಿನೆಸೋಟ ವಿಶ್ವವಿದ್ಯಾನಿಲಯದ ಆನ್ಸೆಲ್ ಕೀಸ್ 36 ಮಂದಿ ತರುಣರನ್ನು ಆರಿಸಿಕೊಂಡರು. ಶಸ್ತ್ರ ಹಿಡಿಯಲು ಮನಸ್ಸಾಕ್ಷಿಯೊಪ್ಪದೆ ನಿರಾಕರಿಸಿ, ತಾವಾಗಿಯೇ ಉಪವಾಸಕ್ಕೆ ಒಡ್ಡಿಕೊಂಡವರು ಅವರು. ಅಂಥವರಿಗೆ ಮನೋಬಲವಿರಲಿಲ್ಲವೆಂದು ಯಾರೂ ಹೇಳಲಾರರು.

1945ರ ಫೆಬ್ರವರಿಯಿಂದ 24 ವಾರಗಳ ಕಾಲ ಅವರ ಆಹಾರವನ್ನು ದಿನಕ್ಕೆ ಸುಮಾರು 3,200 ಕ್ಯಾಲರಿಯಿಂದ ಸುಮಾರು 1,570ಕ್ಕೆ ಇಳಿಸಲಾಯಿತು. ಆಹಾರದ ಮಾತಿನಲ್ಲಿ ಕ್ಯಾಲರಿಯೆಂದರೆ ಒಂದು ಕಿಲೋಗ್ರಾಮ್ ನೀರಿನ ಉಷ್ಣತೆಯನ್ನು ಒಂದು ಡಿಗ್ರಿ ಏರಿಸುವಷ್ಟು ಶಾಖ. ನಾವು ಭೌತಶಾಸ್ತ್ರದ ತರಗತಿಯಲ್ಲಿ ಕಲಿಸುವ ಕ್ಯಾಲರಿಯ ಸಾವಿರದಷ್ಟು. ಲೆಕ್ಕ ಹಾಕಿದರೆ, 75 ವಾಟಿನ ಎರಡು ದೀಪಗಳು ಉರಿಯುತ್ತಿದ್ದ ಮನೆಯಲ್ಲಿ ಒಂದನ್ನು ಆರಿಸಿದಂತಾಯಿತು. ದೇಹವೂ ಹಾಗೆಯೇ ನಡೆದುಕೊಂಡಿತು. ನಾಡಿ ನಿಧಾನವಾಯಿತು, ಮೈ ತಣ್ಣಗಾಯಿತು, ತೂಕದ ಕಾಲುಭಾಗ ಕರಗಿತು. ಮನಸ್ಸು ಮಾತ್ರ ತಣ್ಣಗಾಗಲಿಲ್ಲ. ಅವರು ತಟ್ಟೆ ನೆಕ್ಕಿದರು. ಕಥೆ ಕಾದಂಬರಿಗಳನ್ನು ಬದಿಗಿಟ್ಟು ಪಾಕಶಾಸ್ತ್ರದ ಪುಸ್ತಕಗಳನ್ನು ಓದತೊಡಗಿದರು. ಕೆಲವರು ಕದ್ದು ತಿಂದದ್ದರಿಂದ, ಜೊತೆಗಾರನಿಲ್ಲದೆ ಹೊರಗೆ ಹೋಗಕೂಡದೆಂಬ ಕಟ್ಟಳೆ ಬಂತು.

ನಮಗೆ ಮುಖ್ಯವಾದುದು ಆಮೇಲಿನ ಸಂಗತಿ. ನಿರ್ಬಂಧ ತೆಗೆದ ಬಳಿಕ ಕೆಲವರು ದಿನಕ್ಕೆ 5,000 ಕ್ಯಾಲರಿಗೂ ಮೀರಿ ಉಂಡರು. ಹೊಟ್ಟೆ ಬಿರಿಯುವಂತಿದ್ದರೂ ಹಸಿವು ತೀರಲಿಲ್ಲವೆಂದರು. ಪ್ರಯೋಗಕ್ಕೆ ಮುಂಚೆ ಅವರಲ್ಲಿ ಒಬ್ಬನೂ ತಿಂಡಿಪೋತನಾಗಿರಲಿಲ್ಲ!

ಇದರ ಹಿಂದಿನ ದೈಹಿಕ ಯಂತ್ರದ ಕೆಲವು ಚಕ್ರಗಳು ಈಚೆಗೆ ಬೆಳಕಿಗೆ ಬಂದಿವೆ. ಕೊಬ್ಬಿನ ಕೋಶಗಳು ಲೆಪ್ಟಿನ್ ಎಂಬ ಹಾರ್ಮೋನನ್ನು ಸ್ರವಿಸಿ, ಕಣಜ ತುಂಬಿದೆಯೆಂಬ ಸುದ್ದಿಯನ್ನು ಮಿದುಳಿಗೆ ಮುಟ್ಟಿಸುತ್ತವೆಂದು 1994ರಲ್ಲಿ ತಿಳಿಯಿತು. ಜಠರದಿಂದ ಹೊರಟು ಹಸಿವನ್ನು ಕೆರಳಿಸುವ ಘ್ರೆಲಿನ್ 1999ರಲ್ಲಿ ಜಪಾನಿನ ವಿಜ್ಞಾನಿಗಳ ಕೈಗೆ ಸಿಕ್ಕಿತು. ಆಹಾರ ಬಿಟ್ಟು ತೂಕ ಇಳಿಸಿದವರಲ್ಲಿ ಮೊದಲನೆಯದು ತಗ್ಗುತ್ತದೆ, ಎರಡನೆಯದು ಏರುತ್ತದೆ. ಕಣಜ ಬರಿದಾಗುತ್ತಿದೆಯೆಂದು ಮಿದುಳು ಗಾಬರಿಗೊಂಡರೆ ಅದರ ತಪ್ಪೇನು?

ಮನಸ್ಸಿನ ಪಾಲೂ ಇದೆ. 1975ರಲ್ಲಿ ಹರ್ಮನ್ ಮತ್ತು ಮ್ಯಾಕ್ ಎಂಬಿಬ್ಬರು ಪ್ರಕಟಿಸಿದ ಪ್ರಯೋಗವೊಂದು ಸೊಗಸಾಗಿದೆ. ಸದಾ ಆಹಾರ ಪಥ್ಯದಲ್ಲಿರುವವರಿಗೆ ಮೊದಲು ಮಿಲ್ಕ್‌ಷೇಕ್ ಕುಡಿಸಿ, ಅನಂತರ ಬೇಕಾದಷ್ಟು ಐಸ್‌ಕ್ರೀಮ್ ಮುಂದಿಟ್ಟರು. ಕುಡಿಯದಿದ್ದವರಿಗಿಂತ ಕುಡಿದವರೇ ಹೆಚ್ಚು ತಿಂದರು! ವ್ರತ ಹೇಗೂ ಕೆಟ್ಟಿತು, ಇನ್ನೇತಕ್ಕೆ ಬಿಗಿಹಿಡಿಯಬೇಕೆಂಬ ಭಾವ ಅದು. ಏಕಾದಶಿಯ ದಿನ ಮರೆತು ಒಂದು ಚಕ್ಕುಲಿ ಬಾಯಿಗೆ ಹಾಕಿಕೊಂಡವರಿಗೆ ಇದು ಹೊಸತಲ್ಲ.

ಹಾಗೆಂದು ಎಲ್ಲರ ಕಥೆಯೂ ಉಪವಾಸದಿಂದಲೇ ಮೊದಲಾಗುತ್ತದೆಂದು ನಾವು ಹೇಳುವುದಿಲ್ಲ. ಪಥ್ಯವನ್ನೇ ಕಾಣದವರಲ್ಲಿಯೂ ಈ ರೋಗವುಂಟು, ವಂಶದ ಪ್ರಭಾವವುಂಟು, ದುಃಖ, ಒಂಟಿತನ, ಮೈಯ ಬಗೆಗಿನ ನಾಚಿಕೆಗಳು ಇದನ್ನು ಬೆಳೆಸುತ್ತವೆ. ಆದರೆ ಮಿತಿಮೀರಿ ತಿಂದ ಮರುದಿನ ಪ್ರಾಯಶ್ಚಿತ್ತವೆಂದು ಊಟ ಬಿಡುವವರು, ಮಿನೆಸೋಟದ ತರುಣರ ಪ್ರಯೋಗವನ್ನು ತಮ್ಮ ಮನೆಯಲ್ಲಿ ಸಣ್ಣ ಪ್ರಮಾಣದಲ್ಲಿ ನಡೆಸಿದಂತೆಯೇ ಸರಿ. ಆದ್ದರಿಂದಲೇ ಈ ರೋಗಕ್ಕೆ ಚಿಕಿತ್ಸೆ ನೀಡುವ ಮನಶ್ಶಾಸ್ತ್ರಜ್ಞರು ಮೊದಲ ವಾರಗಳಲ್ಲಿ ತೂಕ ಇಳಿಸುವ ಮಾತೆತ್ತುವುದಿಲ್ಲ. ತಿಂದದ್ದನ್ನು ಆಗಿಂದಾಗ್ಗೆ ಬರೆದಿಡಲು ಹೇಳುತ್ತಾರೆ. ರಾತ್ರಿ ಏನೇ ನಡೆದಿರಲಿ, ಬೆಳಗಿನ ತಿಂಡಿ, ಮಧ್ಯಾಹ್ನದ ಊಟ, ರಾತ್ರಿಯ ಊಟ, ನಡುವೆ ಅಲ್ಪಾಹಾರ, ಇವನ್ನು ಹೊತ್ತಿಗೆ ಸರಿಯಾಗಿ ತೆಗೆದುಕೊಳ್ಳಬೇಕೆಂದು ವಿಧಿಸುತ್ತಾರೆ.