ಮಗಳು ಬಂಡೆ ಏರುವಾಗ ಹಗ್ಗ ಹೇಗಿರಬೇಕು?

“ಅಕ್ಕಾ, ಭಾನುವಾರ ಇವಳು ಕುಂತಿಬೆಟ್ಟಕ್ಕೆ ಹೋಗ್ತಾಳಂತೆ. ಬಂಡೆ ಹತ್ತೋದಂತೆ! ಈ ಹಗ್ಗ ಗಟ್ಟಿಯಾಗಿದೆಯಾ, ಸ್ವಲ್ಪ ನೋಡಿ ಹೇಳಿ.”

ಕೆಸರೆ ಮೂರನೇ ಹಂತದ ನಮ್ಮ ನೆರೆಮನೆಯಾಕೆ ಹೀಗೆ ಹೇಳುತ್ತಾ ಬಂದರು. ಕೈಯಲ್ಲಿ ಹಗ್ಗದ ಸುರುಳಿ. ಕಾಲೇಜಿಗೆ ಹೋಗುವ ಮಗಳಿಗೆ ಗೆಳತಿಯೊಬ್ಬಳು ಕೊಟ್ಟದ್ದು. ಒಂದು ಕಾಲಕ್ಕೆ ನಾನೂ ರಾಮನಗರದ ಬಂಡೆಗಳ ಮೇಲೆ ಮೊಣಕೈ ತರಚಿಕೊಂಡವಳೆಂದು ಅವರಿಗೆ ಗೊತ್ತು.

ಮಗಳು ಬಂಡೆ ಏರುತ್ತಾಳೆಂದರೆ ತಾಯಿಯ ಎದೆ ಧಸಕ್ಕೆನ್ನುವುದು ಸಹಜ. ಆದರೆ 1984ರ ಮೇ 23ರಂದೇ ಬಚೇಂದ್ರಿ ಪಾಲ್ ಎವರೆಸ್ಟ್ ಏರಿದ ದೇಶ ನಮ್ಮದು. ಬೇಡವೆಂದು ತಡೆಯುವ ಬದಲು ಹಗ್ಗ ಯಾವುದು, ಅದನ್ನು ಕೆಳಗೆ ಹಿಡಿಯುವವರು ಯಾರು ಎಂದು ವಿಚಾರಿಸೋಣ, ಏನಂತೀರಿ?

ಹಿಗ್ಗುವ ಹಗ್ಗವೇ ಬೇಕು

ನೆರೆಮನೆಯಾಕೆ ಹಗ್ಗವನ್ನು ಜಗ್ಗಿ ಜಗ್ಗಿ ತೋರಿಸಿದರು. ಬಾವಿ ಹಗ್ಗಕ್ಕಾದರೆ ಈ ಪರೀಕ್ಷೆ ಸಾಕು. ಬಂಡೆ ಏರುವ ಹಗ್ಗಕ್ಕೆ ಗಟ್ಟಿತನದ ಜೊತೆಗೆ ಹಿಗ್ಗುವ ಗುಣವೂ ಇರಬೇಕು. ಕಾಲು ಜಾರಿ ಬಿದ್ದವಳನ್ನು ಹಿಗ್ಗದ ಹಗ್ಗ ಒಂದೇ ಏಟಿಗೆ ತಡೆದರೆ, ಆ ಎಳೆತಕ್ಕೆ ಬೆನ್ನುಮೂಳೆಗೇ ಪೆಟ್ಟಾದೀತು. ಹಿಗ್ಗುವ ಹಗ್ಗ ಕೊಂಚ ಉದ್ದವಾಗಿ ಬೀಳುವ ರಭಸವನ್ನು ತಾನೇ ನುಂಗುತ್ತದೆ. ಇದಕ್ಕೆ ‘ಡೈನಮಿಕ್’ ಹಗ್ಗವೆಂದು ಹೆಸರು. ಅಷ್ಟಾಗಿ ಹಿಗ್ಗದ ‘ಸ್ಟ್ಯಾಟಿಕ್’ ಹಗ್ಗ ಇಳಿಯಲು, ಸಾಮಾನು ಎಳೆಯಲು ಸರಿ. ಅಂಗಡಿಯಲ್ಲಿ ತೂಕದ ಲೆಕ್ಕದಲ್ಲಿ ಸಿಗುವ ನೈಲಾನ್ ಹಗ್ಗವಂತೂ ಬೇಡವೇ ಬೇಡ.

ಕೊಳ್ಳುವಾಗ ಏನು ನೋಡಬೇಕು?

ಪ್ರೆಷರ್ ಕುಕ್ಕರ್ ಕೊಳ್ಳುವಾಗ ಐ.ಎಸ್.ಐ. ಗುರುತು ನೋಡುತ್ತೀರಲ್ಲವೆ? ಹಾಗೆಯೇ ಹಗ್ಗದ ತುದಿಯ ಪಟ್ಟಿಯ ಮೇಲೆ ‘ಇ.ಎನ್. 892’ ಅಥವಾ ‘ಯು.ಐ.ಎ.ಎ.’ ಎಂಬ ಗುರುತು ನೋಡಿ. ಎರಡನೆಯದು 1932ರಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಪರ್ವತಾರೋಹಣ ಒಕ್ಕೂಟದ್ದು. ಒಂಟಿಯಾಗಿ ಬಳಸುವ ಹಗ್ಗಕ್ಕೆ ವೃತ್ತದೊಳಗೆ 1 ಎಂದಿರುತ್ತದೆ. 80 ಕಿಲೋ ತೂಕ ಕಟ್ಟಿ ಬೀಳಿಸುವ ಪರೀಕ್ಷೆಯನ್ನು ಕನಿಷ್ಠ 5 ಸಲ ತಾಳಿದ ಹಗ್ಗಕ್ಕೇ ಈ ಗುರುತು ಸಿಗುವುದು.

ಹೊಸಬರಿಗೆ 9.8ರಿಂದ 10.5 ಮಿಲಿಮೀಟರ್ ದಪ್ಪ ಒಳ್ಳೆಯದು. ತೆಳುವಾದದ್ದು ಹೊರಲು ಹಗುರ, ಆದರೆ ಹಿಡಿತದಲ್ಲಿ ಬೇಗ ಜಾರುತ್ತದೆ, ಬೇಗ ಸವೆಯುತ್ತದೆ. ರಾಮನಗರದ ಗ್ರಾನೈಟ್ ಬಂಡೆ ಹಗ್ಗದ ಹೊದಿಕೆಯನ್ನು ತುರಿಮಣೆಯಂತೆ ಉಜ್ಜುತ್ತದೆ. 25 ಮೀಟರ್ ಎತ್ತರದಿಂದ ಒಬ್ಬರನ್ನು ಕೆಳಗಿಳಿಸಲು ಹೋಗಿ ಬರುವ ಲೆಕ್ಕದಲ್ಲಿ 50 ಮೀಟರ್ ಹಗ್ಗ ಬೇಕೇ ಬೇಕು. 60 ಮೀಟರ್ ಇದ್ದರೆ ನಿರಾಳ. ಎಷ್ಟೇ ಉದ್ದವಿರಲಿ, ಕೆಳಗಿನ ತುದಿಗೊಂದು ಗಂಟು ಹಾಕುವುದನ್ನು ಮರೆಯಬೇಡಿ. ತುದಿ ಸಾಧನದಿಂದ ನುಸುಳಿಹೋಗಿ ನೆಲಕ್ಕೆ ಬಿದ್ದವರಿದ್ದಾರೆ.

ಕೆಳಗೆ ನಿಂತವರ ಕೈ

ಏರುವವಳ ಹಗ್ಗವನ್ನು ಕೆಳಗೆ ನಿಂತು ಕಾಯುವ ಕೆಲಸಕ್ಕೆ ‘ಬಿಲೇ’ ಎನ್ನುತ್ತಾರೆ. ಕಾಯುವವಳ ಸೊಂಟಪಟ್ಟಿಗೆ ತಿರುಪು ಬೀಗದ ಕೊಂಡಿಯಿಂದ ಒಂದು ಪುಟ್ಟ ಸಾಧನ ಸಿಕ್ಕಿಸಿರುತ್ತಾರೆ. ಇದರಲ್ಲಿ ಮುಖ್ಯವಾಗಿ ಮೂರು ಬಗೆ.

ಎಂಟರ ಆಕಾರದ್ದು: ಇಳಿಯಲು ಚೆನ್ನ, ಹಿಡಿತ ಕಡಿಮೆ, ಬಿಲೇಗೆ ಬೇಡ.

ಎರಡು ತೂತಿನ ಕೊಳವೆಯಂಥದು: ಸರಳ, ಬೆಲೆ ಕಡಿಮೆ. ತಡೆಯುವ ಕೆಲಸವೆಲ್ಲ ಕೈಯದೇ.

ತಾನೇ ಕಚ್ಚಿ ಹಿಡಿಯುವಂಥದು: 1991ರಲ್ಲಿ ಫ್ರಾನ್ಸಿನಲ್ಲಿ ತಯಾರಾಗಿ ಬಂದ ‘ಗ್ರಿಗ್ರಿ’ ಈ ಜಾತಿಯದು. ಹಗ್ಗ ಜೋರಾಗಿ ಎಳೆದಾಗ ಒಳಗಿನ ತುಂಡು ತಿರುಗಿ ಹಗ್ಗವನ್ನು ಒತ್ತಿಹಿಡಿಯುತ್ತದೆ. ಬೆಲೆ ಹೆಚ್ಚು, ಆದರೆ ಹೊಸಬರಿಗೆ ಇದೇ ಮೇಲು.

ಯಾವ ದಪ್ಪದ ಹಗ್ಗಕ್ಕೆ ಯಾವ ಸಾಧನವೆಂಬುದು ಅದರ ಮೇಲೆಯೇ ಕೊರೆದಿರುತ್ತದೆ, ಓದಿ, ಹೊಂದಿಸಿಕೊಳ್ಳಿ. ಆದರೆ ಯಾವ ಸಾಧನವೇ ಇರಲಿ, ಕೆಳಗಿನ ಹಗ್ಗ ಹಿಡಿದ ಕೈ ಒಂದು ಕ್ಷಣವೂ ಬಿಡಕೂಡದು. ಮೂಗು ತುರಿಸಿದರೂ ಆ ಕೈ ಅಲ್ಲೇ ಇರಬೇಕು! ಏರುವವರು ಕಾಯುವವಳಿಗಿಂತ ತುಂಬಾ ತೂಕದವರಾದರೆ ಅವರು ಬಿದ್ದಾಗ ಇವಳೇ ಮೇಲಕ್ಕೆ ಎಗರುತ್ತಾಳೆ. ಆದ್ದರಿಂದ ಆದಷ್ಟೂ ಸಮತೂಕದ ಜೋಡಿಯೇ ಇರಲಿ. ಏರುವ ಮುಂಚೆ ಒಬ್ಬರ ಗಂಟು, ಪಟ್ಟಿ, ಬೀಗಗಳನ್ನು ಇನ್ನೊಬ್ಬರು ಮುಟ್ಟಿ ನೋಡಲಿ. ಇವೆಲ್ಲವನ್ನೂ ನುರಿತವರ ಎದುರಿಗೇ ಕಲಿಯಬೇಕು.

ಮನೆಯಲ್ಲಿ ಜೋಪಾನ

ಹಗ್ಗ ಕೊಳೆಯಾದರೆ ತಣ್ಣೀರಿನಲ್ಲಿ ಸೌಮ್ಯ ಸೋಪು ಹಾಕಿ ತೊಳೆದು ನೆರಳಲ್ಲಿ ಒಣಗಿಸಿ. ತುಳಿಯಬೇಡಿ. ಇನ್ವರ್ಟರ್ ಬ್ಯಾಟರಿ, ಬಚ್ಚಲು ತೊಳೆಯುವ ಆಸಿಡ್ ಇರುವ ಕಡೆ ಇಡಲೇಬೇಡಿ. ಆಸಿಡ್ ಸೋಕಿದ ನೈಲಾನ್ ಕಣ್ಣಿಗೆ ಚೆನ್ನಾಗಿಯೇ ಕಂಡರೂ ಒಳಗೆ ಸತ್ತಿರುತ್ತದೆ. ದೊಡ್ಡ ಬೀಳು ತಾಳಿದ ಹಗ್ಗವನ್ನು ಮತ್ತೆ ಏರಲು ಬಳಸಬಾರದು. ಒಮ್ಮೆಯೂ ಬಳಸದೆ ಇಟ್ಟಿದ್ದರೂ 10 ವರ್ಷದ ಮೇಲೆ ನಂಬಬಾರದು.

ಆ ಸಂಜೆ ನಾನು, ತಾಯಿ, ಮಗಳು ಮೂವರೂ ಜಗಲಿಯ ಮೇಲೆ ಕೂತು ಹಗ್ಗವನ್ನು ಗೇಣುಗೇಣಾಗಿ ಬೆರಳಲ್ಲಿ ಹಾಯಿಸಿ, ಬಗ್ಗಿಸಿ ನೋಡಿದೆವು. ಒಳ್ಳೆಯ ಹಗ್ಗ ಬಳೆಯಂತೆ ದುಂಡಗೆ ಬಾಗುತ್ತದೆ. ಇದು ನಡುವೆ ಒಂದು ಕಡೆ ತಿರುಳಿಲ್ಲದ ನುಗ್ಗೆಕಾಯಿಯಂತೆ ಚಪ್ಪಟೆಯಾಗಿ ಮಡಿಸಿಕೊಂಡಿತು. ಹೊರಗೆ ಒಂದು ಗೀರೂ ಇರಲಿಲ್ಲ! ಮಗಳ ಮುಖ ಬಿಳಿಚಿಕೊಂಡಿತು.

“ಭಾನುವಾರ ಬೇಡ್ವೇನೇ?” ಎಂದರು ತಾಯಿ, ಮೆಲ್ಲಗೆ.

“ಹೋಗ್ತೀನಮ್ಮ. ಶಿಬಿರದವರ ಹತ್ರ ಹಗ್ಗ ಇದೆ. ಹತ್ತೋಕೆ ಮುಂಚೆ ನಾನೇ ಹೀಗೆ ನೋಡ್ತೀನಿ.”

ಹೋದಳು, ನಗುನಗುತ್ತಾ ಬಂದಳು. ಆ ಹಳೆಯ ಹಗ್ಗವನ್ನು ಯಾರೂ ಮತ್ತೆ ಏರಲು ಬಳಸದಂತೆ ತುಂಡು ಮಾಡಿದೆವು. ಈಗ ಅದು ಅವರ ಮನೆಯ ತಾರಸಿಯಲ್ಲಿ ಸೀರೆ ಒಣಗಿಸುವ ಹಗ್ಗ.